ಎಷ್ಟರಲ್ಲಿ ಎಷ್ಟು, ಯಾರಿಗೆ ಏನು?

(ಹಾಸನದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ‘ವಿಮರ್ಶಾತ್ಮಕ ಚಿಂತನೆ ಮತ್ತು ನೈತಿಕ ವಿವೇಚನೆ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ್ದಾರೆ. ನಾನು ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳುವುದಿಲ್ಲ. ಯೋಚನೆ ಹಾದಿ ತಪ್ಪಿದರೆ ಯಾರಿಗಾದರೂ ಪೆಟ್ಟು ಬೀಳುತ್ತದೆ. ಬಹಳ ಸಲ ಆ ಪೆಟ್ಟು ಬೀಳುವುದು ಪಕ್ಕದವರಿಗೆ. ಹಾಗಾಗಿ ಒಂದು ಸುದ್ದಿ ನಿಜವೋ ಸುಳ್ಳೋ ಎಂದು ನೋಡುವುದು ನನ್ನ ಪ್ರಕಾರ ಪಕ್ಕದವರಿಗೆ ನಾವು ಕೊಡುವ ಮರ್ಯಾದೆ. ಈ ಮಾತನ್ನು ಈ ಊರಿನಲ್ಲೇ ನಿಂತು ಹೇಳಬೇಕು ಎಂದು 2025ರ ಜುಲೈನಿಂದ ಕಾಯುತ್ತಿದ್ದೆ.

ಆ ಜುಲೈ ಬಗ್ಗೆ ನಿಮಗೆ ವಿವರಿಸಬೇಕಾಗಿಲ್ಲ. ಬೆಳಗ್ಗೆ ಎದ್ದರೆ ಟಿವಿಯಲ್ಲಿ ಹಾಸನದ ಹೆಸರು. ಇವತ್ತು ಇನ್ನೊಬ್ಬರು, ಹೃದಯಾಘಾತ. 40 ದಿನದಲ್ಲಿ 20ಕ್ಕೂ ಜಾಸ್ತಿ ಸಾವು ಎಂಬ ಲೆಕ್ಕ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ದೂರದ ನೆಂಟರೆಲ್ಲ ಫೋನ್ ಮಾಡಿ ‘ಚೆನ್ನಾಗಿದ್ದೀರಾ’ ಎಂದು ಕೇಳಿದರು.

ಆಗ ನಮ್ಮ ಬೀದಿಯ ಆಟೋದವನೊಬ್ಬನ ಜೊತೆ ನಡೆದ ಮಾತು ಹೇಳುತ್ತೇನೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಎನ್.ಆರ್. ಸರ್ಕಲ್ಲಿನಿಂದ ಮನೆಗೆ ಬರುತ್ತಿದ್ದೆವು. ‘ಮೇಷ್ಟ್ರೇ, ನಾಳೆ ಗಾಡಿ ತೆಗೆಯಲ್ಲ. ಮೈಸೂರಿಗೆ ಹೋಗ್ತಿದೀನಿ, ಜಯದೇವ ಹೃದಯದ ಆಸ್ಪತ್ರೆಗೆ’ ಎಂದ. ‘ಯಾಕಪ್ಪಾ, ಎದೆನೋವಾ?’ ಎಂದೆ. ‘ಏನೂ ಇಲ್ಲ. ಆಟೋ ಓಡ್ಸೋರಿಗೇ ಜಾಸ್ತಿ ಆಗ್ತಿದೆಯಂತಲ್ಲ. ಮನೇಲಿ ಅವಳು ಅಳ್ತಾಳೆ.’

ನಾನು ಗಣಿತದ ಮೇಷ್ಟ್ರು. ಜೇಬಿನಿಂದ ಪೆನ್ನು ತೆಗೆದೆ. ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು, ಒಂದು ಔಷಧಿ ಚೀಟಿಯ ಹಿಂಭಾಗದಲ್ಲಿ ಇಬ್ಬರೂ ಲೆಕ್ಕ ಹಾಕಿದೆವು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 17.76 ಲಕ್ಷ. ನಮ್ಮ ಕಡೆ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 6ರಿಂದ 7 ಜನ ತೀರಿಕೊಳ್ಳುತ್ತಾರೆ. ಹಾಗಾದರೆ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 30 ಸಾವು. 40 ದಿನಕ್ಕೆ 1,200. ಭಾರತದಲ್ಲಿ ಸಾವುಗಳ ಪೈಕಿ ಸುಮಾರು ಕಾಲು ಭಾಗಕ್ಕೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಕಾಲು ಭಾಗ ಎಂದರೆ 300. ಅಂದಾಜು ಲೆಕ್ಕವೇ, ಆದರೂ ಎಲ್ಲಿಯ 20, ಎಲ್ಲಿಯ 300!

ಅವನಿಗೆ ಸಮಾಧಾನ ಆಗುತ್ತದೆ ಎಂದುಕೊಂಡೆ. ಅವನ ಮುಖ ಬಿಳಿಚಿಕೊಂಡಿತು. ‘ಮುನ್ನೂರಾ? ಟಿವಿಯೋರು ಮುಚ್ಚಿಡ್ತಿದಾರಾ ಮೇಷ್ಟ್ರೇ?’

ಅವನ ಪ್ರಶ್ನೆಯಲ್ಲಿ ದಡ್ಡತನ ಇರಲಿಲ್ಲ. ಸಂಖ್ಯೆಯೊಂದನ್ನೇ ಕೊಟ್ಟರೆ ಅದು ಭಯವನ್ನೂ ಕೊಡುತ್ತದೆ. ಆಮೇಲೆ ನಿಧಾನವಾಗಿ ಹೇಳಿದೆ. ಈ 300ರಲ್ಲಿ ಬಹಳ ಜನ ವಯಸ್ಸಾದವರು. ಪ್ರತಿ ವರ್ಷವೂ ಹೀಗೇ ಇರುತ್ತದೆ, ಸುದ್ದಿ ಆಗುವುದಿಲ್ಲ ಅಷ್ಟೆ. ಈಗ ಸುದ್ದಿಯಾಗುತ್ತಿರುವವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ, ಅದೇ ಎಲ್ಲರನ್ನೂ ಹೆದರಿಸಿರುವುದು. ಹಾಗಾದರೆ ನಾವು ಕೇಳಬೇಕಾದದ್ದು ಇಷ್ಟೇ: ಹೋದ ವರ್ಷ ಇದೇ 40 ದಿನದಲ್ಲಿ ಚಿಕ್ಕ ವಯಸ್ಸಿನವರು ಎಷ್ಟು ಜನ ಹೀಗೆ ಹೋದರು? ಅವನು ತಕ್ಷಣ, ‘ಅದನ್ನ ಯಾರೂ ಹೇಳ್ತಿಲ್ವಲ್ಲ’ ಎಂದ. ನನಗೆ ತುಂಬಾ ಖುಷಿಯಾಯಿತು. ಅಷ್ಟು ದಿನದ ಟಿವಿ ಚರ್ಚೆಯಲ್ಲಿ ಬಾರದ ಮಾತು ಅವನ ಬಾಯಲ್ಲಿ ಬಂತು.

ಮಕ್ಕಳೇ, ಬ್ಯಾಟ್ಸ್‌ಮನ್ 40 ರನ್ ಹೊಡೆದ ಎಂದರೆ ನೀವು ಸುಮ್ನೆ ಇರುತ್ತೀರಾ? ‘ಎಷ್ಟು ಬಾಲ್‌ಗೆ’ ಎಂದು ಕೇಳೇ ಕೇಳುತ್ತೀರಿ. ಸಾವಿನ ಸುದ್ದಿಗೂ ಅದನ್ನೇ ಕೇಳಿ. ಎಷ್ಟರಲ್ಲಿ ಎಷ್ಟು?

ಸರ್ಕಾರ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ಅದರಲ್ಲಿ 4 ಸಾವುಗಳಿಗೆ ಹೃದಯ ಕಾರಣವೇ ಅಲ್ಲ. ಆದರೆ ಹೃದಯಾಘಾತದ ಪಟ್ಟಿಯಲ್ಲಿ ಅವರ ಹೆಸರೂ ಸೇರಿ ಊರೂರು ಸುತ್ತಿತ್ತು. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದೂ ಸಮಿತಿ ಹೇಳಿತು.

ಕೋವಿಡ್ ಲಸಿಕೆಯಿಂದಲೇ ಹೀಗಾಯಿತು ಎಂಬ ಅನುಮಾನವೂ ಆಗ ಜೋರಾಗಿತ್ತು. ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ, ನೋಡಿ’ ಎಂದು ನನಗೇ ಹೇಳಿದರು. ಸರಿ, ಬದುಕಿರುವವರು? ನಮ್ಮ ರಾಜ್ಯದ ವಯಸ್ಕರಲ್ಲಿ ಹಾಕಿಸಿಕೊಳ್ಳದವರು ಬಹಳ ಕಡಿಮೆ. ಈ ಸಭಾಂಗಣದಲ್ಲಿರುವ ದೊಡ್ಡವರೂ ಹಾಕಿಸಿಕೊಂಡವರೇ ಅಲ್ವಾ? ಮತ್ತೆ ಅದೇ ಪ್ರಶ್ನೆ: ಎಷ್ಟರಲ್ಲಿ ಎಷ್ಟು? ಜಯದೇವದಲ್ಲಿ ಆ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ದಾಖಲಾದ 45 ವರ್ಷದೊಳಗಿನ 251 ರೋಗಿಗಳನ್ನು ಗಮನಿಸಿದರು. ಲಸಿಕೆಗೂ ಹೃದಯದ ತೊಂದರೆಗೂ ನಂಟು ಕಾಣಲಿಲ್ಲ. 111 ಜನ ಸಿಗರೇಟು, ಬೀಡಿ ಸೇದುವವರು. 102 ಜನಕ್ಕೆ ಬಿಪಿ. ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ವಾದ ಗೆಲ್ಲುತ್ತದೆ. ಆದರೆ ಅದೇ ಪಟ್ಟಿಯಲ್ಲಿ, ಮಾಮೂಲಾಗಿ ಹುಡುಕುವ ಯಾವ ಕಾರಣವೂ ಇಲ್ಲದ 77 ಜನ ಇದ್ದರು. ಅದನ್ನೂ ಹೇಳಬೇಕು. ನಮಗೆ ಬೇಕಾದ ಅಂಕಿ ಮಾತ್ರ ಎತ್ತಿಕೊಂಡು ಬೇಡದ್ದನ್ನು ಬಿಟ್ಟರೆ ಆ ಫಾರ್ವರ್ಡ್ ಮಾಡಿದವರಿಗೂ ನಮಗೂ ವ್ಯತ್ಯಾಸ ಇರುವುದಿಲ್ಲ.

ಆಟೋದವನ ಕಥೆ ಮುಗಿದಿಲ್ಲ. ‘ಹಾಗಾದ್ರೆ ಹೋಗೋದು ಬೇಡ್ವಾ?’ ಎಂದು ಕೇಳಿದ. ನೀವಾದರೆ ಏನು ಹೇಳುತ್ತೀರಿ? ‘ಎಲ್ಲ ಸುಳ್ಳು, ಮನೇಲಿರು’ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಬೀಡಿ ಸೇದುತ್ತಾನೆ. ಬೆಳಗ್ಗೆಯಿಂದ ರಾತ್ರಿವರೆಗೆ ಕೂತಲ್ಲೇ ಕೂತಿರುತ್ತಾನೆ. ಅಪ್ಪನಿಗೂ ಎದೆಯ ತೊಂದರೆ ಇತ್ತಂತೆ. ಜಿಲ್ಲೆಯ ಲೆಕ್ಕ ಏನೇ ಇರಲಿ, ಅವನು ತೋರಿಸಿಕೊಳ್ಳಬೇಕು. ಆದರೆ ಅದಕ್ಕೆ ಮೈಸೂರೇ ಬೇಕಾ? ಬಿಪಿ, ಶುಗರ್, ಇಸಿಜಿ ನಮ್ಮೂರಿನ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲೇ ಆಗುತ್ತದೆ. ಇನ್ನೊಂದು ಮಾತೂ ಹೇಳಿದೆ. ಮೈಸೂರಿನ ಜಯದೇವದ ಮುಂದೆ ಜನ ನಸುಕಿನಿಂದಲೇ ಸಾಲು ನಿಲ್ಲುತ್ತಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಬೆಂಗಳೂರಿನಲ್ಲೂ ಹೀಗೇ ಆಗಿತ್ತು. ನೋವಿಲ್ಲದ ನೂರು ಜನ ಮುಂದೆ ನಿಂತರೆ, ನಿಜವಾಗಿ ಎದೆ ಹಿಡಿದುಕೊಂಡು ಬಂದವರು ನೂರಾ ಒಂದನೆಯವರಾಗುತ್ತಾರೆ. ಅವನು ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದುಕೊಂಡು ಕೂತ. ‘ಅದು ನನ್ನ ತಲೆಗೇ ಹೋಗಿರ್ಲಿಲ್ಲ’ ಎಂದ. ಮಾರನೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಹಿಮ್ಸ್‌ಗೆ ಹೋಗಿಬಂದ. ಅವನಿಗೆ ಬಿಪಿ ಇತ್ತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ.

ಲೆಕ್ಕ ಸರಿಯಾದ ಮೇಲೆ ಯಾರಿಗೆ ಏನಾಗುತ್ತದೆ ಎಂಬುದು ಅವನಿಗೆ ತಾನಾಗಿ ಕಂಡಿತು. ನನ್ನ ಎರಡನೇ ಪ್ರಶ್ನೆ ಅದೇ. ಕುಸಿದು ಬೀಳುವವರ ಸಿಸಿ ಕ್ಯಾಮೆರಾ ವಿಡಿಯೊ ಎಷ್ಟು ಜನರ ಮೊಬೈಲಿಗೆ ಬಂದಿತ್ತು? ಬಿದ್ದವರ ಮಗಳೂ ಯಾವುದೋ ಒಂದು ಗ್ರೂಪಿನಲ್ಲಿ ಇರುತ್ತಾಳೆ. ‘ಜಾಗೃತಿಗಾಗಿ ಕಳಿಸಿದೆ’ ಎನ್ನುವ ಮುಂಚೆ ಆ ಹುಡುಗಿಯನ್ನು ನೆನಪಿಸಿಕೊಳ್ಳಿ. ವಿಡಿಯೊ ನಿಜವೇ ಇರಬಹುದು. ನಿಜ ಎಂದಮಾತ್ರಕ್ಕೆ ಹಂಚಬಹುದು ಎಂದಲ್ಲ.

ಇನ್ನು ಊರಿಗೆ, ತೋಟಕ್ಕೆ ಬರುವ ಕಾಡಾನೆಯ ವಿಷಯ. ಆಲೂರು, ಸಕಲೇಶಪುರದಿಂದ ಬರುವ ಮಕ್ಕಳು ಇಲ್ಲಿ ಬಹಳ ಇದ್ದೀರಿ. ನಿಮ್ಮ ಮನೆಯಲ್ಲಿ ‘ಆನೆ ಹಿಡಿದು ಸಾಗಿಸಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೂತವರು ‘ಆನೆ ಜಾಗಕ್ಕೆ ನೀವು ಹೋಗಿದ್ದೀರಿ’ ಎನ್ನುತ್ತಾರೆ. ಜಗಳ ಇಲ್ಲೇ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಯಾಕೆಂದರೆ ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಹಿಡಿದು ಸಾಗಿಸಿದರೆ ಕಾಟ ತಪ್ಪುತ್ತದಾ ಎಂಬುದು ಒಂದು. ಇದಕ್ಕೆ ದಾಖಲೆ ನೋಡಬೇಕು. ಹೈಕೋರ್ಟ್ ಸೂಚನೆಯಂತೆ ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಶಿಫಾರಸಿನಂತೆ 2014ರಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆ ಹಿಡಿದರು. ಆಮೇಲೆ ಏನಾಯಿತು ಎಂದು ನೀವೇ ಬಲ್ಲಿರಿ, ಆನೆಗಳು ಮತ್ತೆ ಬಂದವು. ಇನ್ನೊಂದು ಪ್ರಶ್ನೆ, ಅಪಾಯವನ್ನು ಯಾರ ತಲೆಗೆ ಕಟ್ಟಬೇಕು ಎಂಬುದು. ದಾಖಲೆ ಎಷ್ಟಿದ್ದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಬೆಳಗ್ಗೆ ಮಂಜು ಮುಸುಕಿರುವಾಗ ಲೈನ್ ಮನೆಯಿಂದ ತೋಟಕ್ಕೆ ನಡೆದು ಹೋಗುವ ಕೂಲಿ ಹೆಂಗಸಿನ ಹತ್ತಿರ ಜೀಪ್ ಇಲ್ಲ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುವ ವ್ಯವಸ್ಥೆ ಒಳ್ಳೆಯದೇ. ಅವಳ ಮೊಬೈಲಿನಲ್ಲಿ ಸಿಗ್ನಲ್ ಇದೆಯಾ? ಅವಳಿಗೆ ಓದಲು ಬರುತ್ತದಾ? ಪರ ವಿರೋಧ ಎರಡೂ ಕಡೆಯ ಸಭೆಗಳಿಗೆ ಹೋಗಿದ್ದೇನೆ. ಅವಳನ್ನು ವೇದಿಕೆಗೆ ಕರೆದದ್ದನ್ನು ನೋಡಿಲ್ಲ. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಹತ್ತಿರ ಅರ್ಜುನ ಸತ್ತ. 8 ಸಲ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯಲು ಹೋಗಿ ಹೋರಾಡುತ್ತಾ ಸತ್ತ. ‘ಆನೆ ಹಿಡೀರಿ’ ಎಂದು ರಸ್ತೆ ತಡೆ ಮಾಡಿದ್ದ ಕಡೆಯವರೇ ಅವನ ಮುಂದೆ ಗೋಳಾಡಿದರು. ಕೆಲವರು ಇದನ್ನು ಆಷಾಢಭೂತಿತನ ಎಂದರು. ನಾನು ಒಪ್ಪುವುದಿಲ್ಲ. ಮಗಳ ಪ್ರಾಣದ ಚಿಂತೆಯೂ ಆನೆಯ ಮೇಲಿನ ಪ್ರೀತಿಯೂ ಒಬ್ಬರಲ್ಲೇ ಇರಬಹುದು. ಎರಡನ್ನೂ ಎದುರಿಗಿಟ್ಟುಕೊಂಡು ಯೋಚಿಸುವುದೇ ಕಷ್ಟದ ಕೆಲಸ, ಅದನ್ನು ತರಗತಿಯಲ್ಲಿ ಕಲಿಸಬೇಕು.

ಚೀಟಿ ಬಂತು, ಇನ್ನು 5 ನಿಮಿಷವಂತೆ. ಎಚ್. ನರಸಿಂಹಯ್ಯನವರ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ, ಒಂದೇ ಸಾಲಿನಲ್ಲಿ, ಮಾನವೀಯತೆಯನ್ನೂ ಇಟ್ಟಿದ್ದಾರೆ. ಮನೆಗೆ ಹೋಗಿ ಓದಿ.

ಅಧ್ಯಾಪಕರಿಗೆ ಒಂದು ಕೋರಿಕೆ. ವಾರಕ್ಕೊಂದು ಫಾರ್ವರ್ಡ್ ತರಗತಿಗೆ ತನ್ನಿ. ಎಷ್ಟರಲ್ಲಿ ಎಷ್ಟು, ಯಾರಿಗೆ ಏನು, ಇವೆರಡನ್ನೇ ಕೇಳಿಸಿ. ಉತ್ತರವನ್ನು ನೀವು ಮೊದಲೇ ಹೇಳಬೇಡಿ. ಮಕ್ಕಳು ನಿಮ್ಮ ಮಾತಿಗೇ ಎದುರು ಪ್ರಶ್ನೆ ಹಾಕಿದರೆ ಬೈಯಬೇಡಿ.

ಕೊನೆಗೆ ಒಂದು ಬಾಕಿ ಇದೆ, ಅದನ್ನು ನಿಮಗೇ ಬಿಡುತ್ತೇನೆ. ಆ ಜುಲೈ ಆದ ಮೇಲೆ ಸರ್ಕಾರ, 45 ವರ್ಷದೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಕಡ್ಡಾಯ ಎಂದಿತು. ಪರೀಕ್ಷೆ ಮಾಡದಿದ್ದರೆ ಕಾರಣ ಗೊತ್ತಾಗುವುದಿಲ್ಲ, ಮುಂದಿನ ವರ್ಷವೂ ನಾವು ಊಹೆಯಲ್ಲೇ ಇರುತ್ತೇವೆ. ಆದರೆ ಮಗನ ಹೆಣದ ಮುಂದೆ ಕೂತ ತಾಯಿ ‘ಕೊಯ್ಯಿಸಬೇಡಿ, ಹಾಗೇ ಕೊಡಿ’ ಎಂದು ಕೈಮುಗಿದರೆ? ನಾನು ಪರೀಕ್ಷೆ ಆಗಬೇಕು ಎನ್ನುವ ಕಡೆ ಇದ್ದೇನೆ. ಆದರೆ ಆ ತಾಯಿಗೆ ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎಂಬುದು ಆದೇಶದಲ್ಲಿ ಬರೆಯುವಂಥದ್ದಲ್ಲ. ನಿಮ್ಮಲ್ಲಿ ನರ್ಸಿಂಗ್ ಓದುವವರು, ಮುಂದೆ ಪೊಲೀಸ್, ಪಂಚಾಯ್ತಿ ಕೆಲಸಕ್ಕೆ ಹೋಗುವವರು ಇದ್ದೀರಿ. ಆ ಬಾಗಿಲಲ್ಲಿ ನಿಲ್ಲುವವರು ನೀವೇ. ಈಗ ಕಾಫಿ ಕೊಡುತ್ತಾರೆ, ಅಲ್ಲೇ ಸಿಗಿ. ಇದನ್ನೇ ಮಾತಾಡೋಣ. ನಮಸ್ಕಾರ.