ಸುಸ್ತಾದ ಕೂಸಿಗೆ ನಿದ್ದೆ ಯಾಕೆ ಬರೋದಿಲ್ಲ?

(ದೃಶ್ಯ: ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ ಮನೆ. ಹುಳದ ತಟ್ಟೆಗಳು, ಗೋಡೆಗೆ ಒರಗಿಸಿದ ಚಂದ್ರಿಕೆ, ಅಂದರೆ ಹುಳ ಗೂಡು ಕಟ್ಟೋ ಬಿದಿರಿನ ಚಾಪೆ. ಒಳಕೋಣೆಯಲ್ಲಿ ಮಲಗಿದ ಕೂಸು.)

ನಮಸ್ಕಾರ. ನಮ್ಮದು ರೇಷ್ಮೆ ಹುಳ ಮೇಯಿಸೋ ಮನೆ. ಹುಳ ಹಣ್ಣಾಯ್ತು ಅಂತ ನಮ್ಮತ್ತೆ ಬಾಗಿಲಲ್ಲಿ ನಿಂತೇ ಹೇಳುತ್ತಾರೆ. ಸೊಪ್ಪು ತಿನ್ನೋದು ಬಿಟ್ಟು ತಲೆ ಎತ್ತಿ ಆಡಿಸಿದರೆ ಆಗಲೇ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ಹಾಳು. ಕೂಸಿನ ನಿದ್ದೆಗೂ ಅಂಥದ್ದೇ ಒಂದು ಹೊತ್ತಿದೆ. ಅದು ನನಗೆ ಗೊತ್ತಾಗಿದ್ದು ಮಗಳ ನಾಮಕರಣದ ದಿನ.

ಆಗ ಅವಳಿಗೆ 11 ದಿನ. ಬೆಳಿಗ್ಗೆಯಿಂದ ಎಲ್ಲರೂ ಎತ್ತಿಕೊಂಡರು, ಎಲ್ಲರೂ ಮಾತಾಡಿಸಿದರು. ಸಂಜೆ ಏಳಕ್ಕೆ ಅಳು ಶುರು. ಎರಡು ಗುಟುಕು ಹಾಲು ಕುಡಿದು ಚೀರುತ್ತಾಳೆ. ಮುಷ್ಟಿ ಬಿಗಿ, ಬೆನ್ನು ಬಿಲ್ಲಿನ ಹಾಗೆ. ದೃಷ್ಟಿ ಆಗಿದೆ ಅಂದರು. ಹೊಟ್ಟೆನೋವು ಅಂದರು. ಹಾಲು ಸಾಲ್ತಿಲ್ಲ ಅಂದಾಗ ನನಗೂ ಅಳು ಬಂತು. ಕೊನೆಗೆ ನಮ್ಮತ್ತೆ, "ನಿದ್ದೆಗೆಟ್ಟಿದೆ ಕಣಮ್ಮ, ಇಲ್ಲಿ ಕೊಡು" ಅಂತ ಒಳಕೋಣೆಗೆ ಕರೆದುಕೊಂಡು ಹೋದರು.

ಹುಟ್ಟಿದ ಹೊಸತರಲ್ಲಿ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಅದೂ ತುಣುಕು ತುಣುಕಾಗಿ. ಒಂದು ಸಲ ಎದ್ದರೆ ಹಾಲು ಕುಡಿಯೋದೂ ಸೇರಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಎಚ್ಚರ ಇರಬಲ್ಲದು. ಅದು ದಾಟಿದರೆ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ. ಅವು ಎಚ್ಚರ ಇಡೋ ಹಾರ್ಮೋನುಗಳು. ಅದಕ್ಕೇ ಸುಸ್ತು ಜಾಸ್ತಿ ಆದಷ್ಟೂ ನಿದ್ದೆ ದೂರ.

(ಹತ್ತಿರದ ದೃಶ್ಯ: ಕೂಸಿನ ಮುಖ)

ಈ ಮುಖ ನೋಡಿ. ನಿಮ್ಮನ್ನೇ ನೋಡ್ತಿದ್ದ ಕಣ್ಣು ಗೋಡೆ ಕಡೆ ಹೊರಳಿತು, ಅಲ್ಲೇ ನಿಂತಿತು. ಹುಬ್ಬಿನ ಸುತ್ತ ಸ್ವಲ್ಪ ಕೆಂಪು. ಕೈಕಾಲು ನಿಧಾನ. ಇದೇ ಹೊತ್ತು. ಆಕಳಿಕೆ ಬಂದರೆ ಆಗಲೇ ಸ್ವಲ್ಪ ತಡ, ಅಳು ಬಂದರೆ ಪೂರ್ತಿ ತಡ.

ತಡವಾಗಿದ್ರೂ ಹೆದರಬೇಡಿ. ಅತ್ತೆ ಮಾಡಿದ್ದು ಇಷ್ಟೇ. ದೀಪ ಆರಿಸಿದರು. ಎಲ್ಲರನ್ನೂ ಹೊರಗೆ ಕಳಿಸಿದರು. ಎದೆಗವಚಿಕೊಂಡು ಒಂದೇ ಲಯದಲ್ಲಿ ಬೆನ್ನು ತಟ್ಟುತ್ತಾ "ಶ್... ಶ್..." ಅಂದರು. ಅಳು ಜೋರಿದ್ದಾಗ ಆ ಸದ್ದೂ ಜೋರು, ಇಳಿದ ಹಾಗೆ ಮೆಲ್ಲಗೆ. ಕೈ ಬದಲಾಯಿಸಲಿಲ್ಲ, ಗಿಲಕಿ ಆಡಿಸಲಿಲ್ಲ. ಅರ್ಧ ಗಂಟೆ ಬೇಕಾಯ್ತು.

ಮಲಗಿಸೋದು ಅಂಗಾತ, ಗಟ್ಟಿ ಹಾಸಿಗೆ ಮೇಲೆ. ದಿಂಬು ಬೇಡ, ಸಡಿಲ ಹೊದಿಕೆ ಬೇಡ. ಸೀರೆ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರಾಟಕ್ಕೆ ತೊಂದರೆ. ಅದರಲ್ಲಿ ನಿದ್ದೆ ಹತ್ತಿದರೂ ಎತ್ತಿ ಹಾಸಿಗೆಗೆ ಹಾಕಿ. ಬಟ್ಟೆ ಸುತ್ತುವುದಾದರೆ ಸೊಂಟ, ಕಾಲು ಸಡಿಲ ಇರಲಿ. ಸಾಂಬ್ರಾಣಿ ಹೊಗೆ ಬೇಡವೇ ಬೇಡ, ಆ ಪುಟ್ಟ ಶ್ವಾಸಕೋಶ ತಡೆಯಲ್ಲ. ನಿದ್ದೆ ಬರಲಿ ಅಂತ ಬಜೆ, ಜೇನುತುಪ್ಪ ನೆಕ್ಕಿಸಬೇಡಿ. ಆರು ತಿಂಗಳು ಎದೆಹಾಲು ಮಾತ್ರ.

ಇನ್ನೊಂದು ತಪ್ಪು ನಾನೇ ಎಷ್ಟೋ ಸಲ ಮಾಡಿದೆ. ನಿದ್ದೆಯಲ್ಲಿ ಕೂಸು ಮುಲುಕುತ್ತೆ, ಕಾಲು ಒದೆಯುತ್ತೆ, ಮುಖ ಕಿವುಚುತ್ತೆ. ಎದ್ದಳು ಅಂತ ಎತ್ತಿಕೊಂಡು ನಾನೇ ಎಬ್ಬಿಸಿಬಿಡ್ತಿದ್ದೆ. ಹೊಸ ಕೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಹೀಗೇ ಅಲುಗಾಡೋ ನಿದ್ದೆ. ಒಂದು ನಿಮಿಷ ಸುಮ್ನೆ ನೋಡಿ. ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ಹೊತ್ತಲ್ಲಿ, ನಾವು ತಟ್ಟೆ ಮುಟ್ಟಲ್ಲ, ಅಲ್ವಾ?

ಹಗಲು ರಾತ್ರಿಯ ವ್ಯತ್ಯಾಸ ಗೊತ್ತಾಗೋಕೆ ಎರಡು ಮೂರು ತಿಂಗಳು ಬೇಕು. ಹಗಲು ಕಿಟಕಿ ತೆಗೆದಿಡಿ, ರಾತ್ರಿ ಹಾಲು ಕೊಡುವಾಗ ಮಂದ ಬೆಳಕು ಸಾಕು.

ಆದರೆ ಕೂಸು ಹಾಲಿಗೂ ಏಳದೆ ಮಂಕಾಗಿ ಮಲಗಿದರೆ, ಮೈ ಹಳದಿ ಏರುತ್ತಿದ್ದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಸಮಾಧಾನವೇ ಆಗದೆ ಚೀರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. 42ನೇ ದಿನದವರೆಗೆ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡುತ್ತಾರೆ. ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಅವರಿಗೆ ಬಿಡಿಸಿ ಹೇಳಿ.