ರೂಢಿಗಳು ಎಲ್ಲಿ ನೆಲೆಸುತ್ತವೆ?

(ಬಾಗಲಕೋಟೆಯ ನವನಗರದಲ್ಲಿ ಹಿರಿಯ ನಾಗರಿಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

ಮಾನ್ಯರೇ,

ನಿತ್ಯದ ರೂಢಿಗಳ ಕುರಿತು ಮಾತನಾಡಲು ನಮ್ಮ ಭಾಗದಲ್ಲಿ ಬಾಗಲಕೋಟೆಗಿಂತ ತಕ್ಕ ಊರು ಸಿಗಲಾರದು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ಗುಂಟ ಏರಿಬಂದು ಹಳೆಯ ಊರಿನ ತಗ್ಗಿನ ಭಾಗವನ್ನು ನುಂಗಿದಾಗ, ತಲೆಮಾರುಗಳಿಂದ ಒಂದೇ ಓಣಿಯಲ್ಲಿ ಬಾಳಿದ ಮನೆತನಗಳು, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸದಲ್ಲಿ ರೂಪುಗೊಂಡ ಈ ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದವು. ಮುಳುಗಡೆಯಾದ ಮನೆಗೆ ಪರಿಹಾರ ಸಿಕ್ಕಿತು, ನಿವೇಶನ ಸಿಕ್ಕಿತು. ಮನೆಯೊಂದಿಗೆ ಮುಳುಗಿದ ದಿನಚರಿ ಮಾತ್ರ ಯಾವ ಕಡತದಲ್ಲೂ ನಮೂದಾಗುವಂಥದ್ದಾಗಿರಲಿಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದವರು ಇಲ್ಲಿಗೆ ಬಂದ ಮೇಲೆ ಟಿವಿಯ ಮುಂದೆ ಕುಳಿತರೆ, ಅವರ ಸ್ವಭಾವ ಬದಲಾಯಿತೆಂದು ಹೇಳುವುದು ಅನ್ಯಾಯವಾಗುತ್ತದೆ. ಬದಲಾದದ್ದು ಜಾಗ.

ಇದನ್ನೇ ಮನೋವಿಜ್ಞಾನಿಗಳು ಬೇರೊಂದು ನೆಲದಲ್ಲಿ ಪರೀಕ್ಷಿಸಿದ್ದಾರೆ. ಅಮೆರಿಕದ ವೆಂಡಿ ವುಡ್ ಮತ್ತು ಅವರ ಸಂಗಡಿಗರು ಒಂದು ವಿಶ್ವವಿದ್ಯಾಲಯವನ್ನು ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು ಮತ್ತು ಟಿವಿ ನೋಡುವ ರೂಢಿಗಳನ್ನು ಗಮನಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಹೊಸ ಜಾಗದ ಸನ್ನಿವೇಶ ಹಳೆಯದನ್ನು ಹೋಲುತ್ತಿದ್ದಲ್ಲಿ ರೂಢಿಗಳು ಉಳಿದವು. ಹೋಲದಿದ್ದಲ್ಲಿ ಅವು ಕಳಚಿಕೊಂಡು, ಆ ವಿದ್ಯಾರ್ಥಿಗಳು ಮತ್ತೆ ಆಲೋಚಿಸಿ ನಿರ್ಧರಿಸಬೇಕಾಯಿತು. ಇದೇ ವುಡ್ ಅವರ 2002ರ ಇನ್ನೊಂದು ಅಧ್ಯಯನದಲ್ಲಿ, ಭಾಗವಹಿಸಿದವರು ಗಂಟೆಗೊಮ್ಮೆ ತಾವು ಮಾಡುತ್ತಿದ್ದುದನ್ನು ಬರೆದಿಟ್ಟಾಗ, ಅವರ ಕೆಲಸಗಳಲ್ಲಿ ಶೇಕಡಾ 43ರಷ್ಟು ಹೆಚ್ಚುಕಡಿಮೆ ದಿನಾಲೂ ಅದೇ ಸನ್ನಿವೇಶದಲ್ಲಿ, ಬಹಳ ಸಲ ಮನಸ್ಸು ಬೇರೆಲ್ಲೋ ಇರುವಾಗ ನಡೆಯುವಂಥವು ಎಂದು ಕಂಡುಬಂದಿತು. ಅಂದರೆ ದಿನದ ದೊಡ್ಡ ಪಾಲನ್ನು ನಡೆಸುವುದು ನಮ್ಮ ಸಂಕಲ್ಪವಲ್ಲ, ನಮ್ಮ ಸುತ್ತಲಿನ ಏರ್ಪಾಡು. ಇಂದು ನಾನು ಹೇಳಬೇಕೆಂದಿರುವುದೂ ಇಷ್ಟೇ: ಒಳ್ಳೆಯ ರೂಢಿ ಬೇಕೆನ್ನುವವರು ಮನಸ್ಸನ್ನು ಬೈಯುವುದನ್ನು ಬಿಟ್ಟು, ಆ ರೂಢಿಗೊಂದು ಹೊತ್ತು, ಒಂದು ಜಾಗ ಮತ್ತು ಸಾಧ್ಯವಾದರೆ ಒಬ್ಬ ಸಂಗಾತಿಯನ್ನು ಹೊಂದಿಸಿಕೊಳ್ಳಬೇಕು.

ನಮ್ಮ ಕಡೆಯ ಜನ ಇದನ್ನು ಕಣ್ಣಾರೆ ಕಂಡವರು. 2023ರ ಜನವರಿ 2ರಂದು ನಮ್ಮನ್ನಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಯಾವುದಾದರೂ ಊರಿನಲ್ಲಿ ತಿಂಗಳ ಕಾಲ ಮುಂಜಾನೆಯ ಪ್ರವಚನ ನಡೆಸಿದರೆ, ಎಂಟು ಗಂಟೆಗೆ ಮೊದಲು ಏಳದವರೂ ನಸುಕಿನಲ್ಲಿ ಎದ್ದು, ಜಳಕ ಮುಗಿಸಿ, ನೆರೆಮನೆಯವರೊಡನೆ ನಡೆದುಹೋಗಿ ಕುಳಿತುಕೊಳ್ಳುತ್ತಿದ್ದರು. ಪ್ರವಚನ ಮುಗಿದ ಮೇಲೆ ಅವರಲ್ಲಿ ಅನೇಕರು ಮತ್ತೆ ಎಂಟಕ್ಕೇ ಏಳತೊಡಗಿದರೆ, ಭಕ್ತಿ ತಾತ್ಕಾಲಿಕವಾಗಿತ್ತೆಂದು ಹಂಗಿಸುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ನಸುಕಿನಲ್ಲಿ ಬಾಗಿಲಲ್ಲಿ ನಿಂತು ಕರೆಯುವ ನೆರೆಯವರಾಗಲಿ, ಹೋಗಿ ಸೇರಬೇಕಾದ ಮೈದಾನವಾಗಲಿ, ತಪ್ಪಿಸಬಾರದ ವೇಳೆಯಾಗಲಿ ಆಮೇಲೆ ಉಳಿದಿರಲಿಲ್ಲ. ಪ್ರವಚನ ಮುಗಿದ ಮರುದಿನವೂ ಅದೇ ನೆರೆಯವರೊಡನೆ, ಅದೇ ಹೊತ್ತಿಗೆ, ಅದೇ ಮೈದಾನದವರೆಗೆ ನಡೆದುಬರುವ ಒಪ್ಪಂದವೊಂದು ಆಗಿದ್ದರೆ ಎದ್ದೇಳುವ ರೂಢಿ ಉಳಿಯುವ ಸಂಭವ ಹೆಚ್ಚಿತ್ತು.

ತಿಂಗಳ ಅವಧಿಯ ಮಾತು ಬಂದುದರಿಂದ ಇನ್ನೊಂದು ನಂಬಿಕೆಯನ್ನೂ ಪರಿಶೀಲಿಸೋಣ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ರೂಢಿಯಾಗುತ್ತದೆಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತಿನ ಮೂಲ, ಶಸ್ತ್ರಚಿಕಿತ್ಸೆಯ ನಂತರ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕಾಗುತ್ತದೆಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಒಂದು ಅನಿಸಿಕೆ. ಅದಕ್ಕೂ ವಾಯುವಿಹಾರಕ್ಕೂ ಸಂಬಂಧವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನಗಳವರೆಗೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಿಸಿಕೊಂಡ ಕೆಲಸವು ಯೋಚನೆಯಿಲ್ಲದೆ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಮಧ್ಯಮ ಅವಧಿ 66 ದಿನಗಳಾಗಿತ್ತು. ಕೆಲವರಿಗೆ 18 ದಿನ ಸಾಕಾದರೆ, ಗಮನಿಸಿದ 84 ದಿನಗಳಾಚೆಗೂ ಅಂದಾಜು ಮಾಡಿದಾಗ ಇನ್ನು ಕೆಲವರ ಲೆಕ್ಕ 254 ದಿನಗಳವರೆಗೂ ಚಾಚಿತು. ಒಂದು ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೈಗೂಡಿತು, ವ್ಯಾಯಾಮ ತಡವಾಗಿ. ಒಂದು ದಿನ ತಪ್ಪಿದ್ದರಿಂದ ಒಟ್ಟು ಪ್ರಗತಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲವೆಂಬುದು ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಅಂಶ. ಮದುವೆ, ಜಾತ್ರೆ, ಜ್ವರಗಳ ನಡುವೆ ಬದುಕುವ ನಮಗೆ ಇಪ್ಪತ್ತೊಂದು ದಿನಗಳ ಕಟ್ಟುನಿಟ್ಟಿಗಿಂತ ಈ ಸಡಿಲಿಕೆಯೇ ಹೆಚ್ಚು ಉಪಯುಕ್ತ.

ಹೊಸ ರೂಢಿಯನ್ನು ಎಲ್ಲಿ ಕಟ್ಟಬೇಕು? ಈಗಾಗಲೇ ತಪ್ಪದೆ ನಡೆಯುತ್ತಿರುವ ಕೆಲಸವೊಂದರ ಬೆನ್ನಿಗೆ. ಇಂಥ ಹೊತ್ತಿನಲ್ಲಿ, ಇಂಥದ್ದಾದ ಮೇಲೆ, ಇದನ್ನು ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಮುಂದೆ ಹೋಗುತ್ತಾರೆಂದು ಪೀಟರ್ ಗೋಲ್‌ವಿಟ್ಜರ್ ಮೊದಲಾದವರು ಅನೇಕ ಪ್ರಯೋಗಗಳಿಂದ ತೋರಿಸಿದ್ದಾರೆ. ‘ಆರೋಗ್ಯ ನೋಡಿಕೊಳ್ಳುತ್ತೇನೆ’ ಎನ್ನುವುದು ಬರಿಯ ಹಾರೈಕೆ. ‘ಸಂಜೆಯ ಚಹಾ ಕುಡಿದು ಕಪ್ಪು-ಬಸಿ ಕೆಳಗಿಟ್ಟೊಡನೆ ಚಪ್ಪಲಿ ಮೆಟ್ಟಿ ಹೊರಡುತ್ತೇನೆ’ ಎನ್ನುವುದು ನಿಶ್ಚಯ. ನಮ್ಮ ಬೇಸಿಗೆ ಈ ನಿಶ್ಚಯವನ್ನು ಮುರಿಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯಲ್ಲೂ ರಸ್ತೆ ಕಾದಿರುತ್ತದೆ. ಆದುದರಿಂದ ಯುಗಾದಿಯ ಹೊತ್ತಿಗೇ ನಡಿಗೆಯನ್ನು ಮುಂಜಾನೆಯ ಚಹಾದ ಬೆನ್ನಿಗೆ ಕಟ್ಟಿಬಿಡುವುದು ಲೇಸು. ಬಿಡಬೇಕಾದ ರೂಢಿಗಳಿಗೂ ಇದೇ ಉಪಾಯ ತಿರುವುಮುರುವಾಗಿ ಅನ್ವಯಿಸುತ್ತದೆ: ರಾತ್ರಿ ಫೋನು ಚಾರ್ಜಿಗೆ ಅಡುಗೆಮನೆಯಲ್ಲಿದ್ದರೆ ಹಾಸಿಗೆಯಲ್ಲಿ ಅದನ್ನು ನೋಡದಿರಲು ಮನೋಬಲ ಬೇಕಾಗುವುದಿಲ್ಲ.

ಇಷ್ಟರಿಂದ ಸಂತೋಷ ಬರುತ್ತದೆಯೇ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ರೂಢಿಯಾದ ಕೆಲಸ ಮಾಡುವಾಗ ಜನರ ಭಾವನೆಗಳ ತೀವ್ರತೆ ಕಡಿಮೆಯಿರುತ್ತದೆಂದು ನಾನು ಆಗಲೇ ಹೇಳಿದ 2002ರ ಅಧ್ಯಯನವೇ ತಿಳಿಸುತ್ತದೆ. ದಿನಾಲೂ ಹೋಳಿಗೆಯೇ ಆದರೆ ಹಬ್ಬಕ್ಕೆ ಏನು ಉಳಿಯುತ್ತದೆ? ಎಲ್ಲವನ್ನೂ ರೂಢಿಗೆ ಹಾಕಬೇಕೆಂಬ ಈಚಿನ ಉತ್ಸಾಹದಲ್ಲಿ ನನಗೆ ನಂಬಿಕೆಯಿಲ್ಲ. ಔಷಧಿ, ನಡಿಗೆ, ನಿದ್ದೆಯಂಥವು ತಾವಾಗಿಯೇ ನಡೆದುಹೋಗಲಿ. ಅದರಿಂದ ಬಿಡುವಾದ ಮನಸ್ಸು ಮನುಷ್ಯರ ಕಡೆಗೆ ತಿರುಗಲಿ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಿಂದ ನಡೆಸಿಕೊಂಡು ಬಂದಿರುವ ದೀರ್ಘ ಅಧ್ಯಯನವೂ ಇಳಿವಯಸ್ಸಿನ ನೆಮ್ಮದಿಗೆ ಹತ್ತಿರದ ಸಂಬಂಧಗಳ ಗುಣವೇ ಬಲವಾದ ಆಧಾರವೆಂದು ಹೇಳುತ್ತ ಬಂದಿದೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಕಾರ್ಯರೂಪಕ್ಕೆ ಬಂದರೆ ಇನ್ನೂ ಅನೇಕ ಕುಟುಂಬಗಳು ಸ್ಥಳಾಂತರಗೊಳ್ಳಬೇಕಾಗುತ್ತದೆ. ಅವರಿಗೆ ನಿವೇಶನ ಹಂಚುವಾಗ ಒಂದು ಓಣಿಯವರನ್ನು ಆದಷ್ಟು ಒಂದೇ ಕಡೆಗೆ ಇರಿಸಬೇಕೆಂದು ಈ ಸಭೆಯಿಂದ ಒಂದು ಮನವಿ ಹೋಗಲೆಂಬುದು ನನ್ನ ಕೋರಿಕೆ. ಈಗಾಗಲೇ ಇಲ್ಲಿರುವವರು ಅದಕ್ಕೆಲ್ಲ ಕಾಯಬೇಕಾಗಿಲ್ಲ. ಕಾಂಪೌಂಡಿನ ಹೊರಗೆ, ಬೇವಿನ ಗಿಡದ ನೆರಳಿನಲ್ಲಿ ನಾಲ್ಕು ಜನ ಕೂಡುವಷ್ಟು ಕಲ್ಲುಹಾಸು ಹಾಕಿಸಿ, ಸಂಜೆಯ ನಡಿಗೆಯನ್ನು ಅಲ್ಲಿಗೆ ಮುಗಿಸಬಹುದು.