ಆಮೆ ಮರಿ ಕೈಗೆ ಕೊಟ್ಟರೆ ಅದು ಸೇವೆ ಅಲ್ಲ

ನಮಸ್ಕಾರ, ಹೇಗಿದ್ದೀರಿ ಎಲ್ಲರೂ? ಇವತ್ತು ಕಡಿಮೆ ದುಡ್ಡಿನಲ್ಲಿ ವಿಯೆಟ್ನಾಂ ಸುತ್ತೋದು ಹೇಗೆ ಅಂತ ಮಾತಾಡಬೇಕಿತ್ತು. ಸ್ಕ್ರಿಪ್ಟ್ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ, ಒಂದು ಕಾಮೆಂಟ್.

ಶ್ರೀಲಂಕಾ ಹಾಸ್ಟೆಲ್ ವಿಡಿಯೋ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ. "ಗುರು, ಕಡಲಾಮೆ ಜತೆ ವಾಲಂಟಿಯರಿಂಗ್ ಮಾಡಿದೆ ಅಂತೀಯ, ಒಂದು ಮರಿನೂ ಕೈಲಿ ಹಿಡ್ಕೊಂಡಿರೋ ಫೋಟೋ ಇಲ್ವಲ್ಲ? ಅಷ್ಟು ದೂರ ಹೋಗಿ ಮರಳು ಹೊತ್ತು ಬಂದ್ಯಾ?" ಅದಕ್ಕೆ ನಗೋ ಎಮೋಜಿ ಹಾಕಿದವರು ಬೇರೆ ಸಾಲುಸಾಲು.

ಹೌದು, ಮರಳೇ ಹೊತ್ತಿದ್ದು. ಅದೇ ಕೆಲಸ. ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆ ತಂದು ಹೂತು ಮರಿ ಮಾಡಿಸೋ ಜಾಗದಲ್ಲಿ, ಒಂದೇ ಮರಳಿನಲ್ಲಿ ವರ್ಷವರ್ಷವೂ ಮೊಟ್ಟೆ ಹೂತರೆ ಬೂಷ್ಟು ಬೆಳೆಯುತ್ತದೆ, ಮೊಟ್ಟೆ ಕೊಳೆಯುತ್ತವೆ. ಹಾಗಾಗಿ ಹಳೇ ಮರಳು ತೆಗೆದು ಹೊಸದು ಹಾಕಬೇಕು. ಬುಟ್ಟಿಯಲ್ಲಿ ಹೊರಬೇಕು. ಬೆನ್ನು ಬಿದ್ದುಹೋಗುತ್ತದೆ. ಆ ಕೆಲಸ ಮಾಡಿದ್ದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ. ನನಗೆ ಬೇಜಾರಾಗಿದ್ದು, ಮರಿ ಹಿಡಿದರೆ ಮಾತ್ರ ಅದು ಸೇವೆ ಅಂತ ನಾವೆಲ್ಲ ಅಂದುಕೊಂಡಿದ್ದೀವಲ್ಲ, ಅದಕ್ಕೆ.

ನನ್ನ ಮಾತು ಇಷ್ಟೇ. ಫೋಟೋ ತೆಗೆಸಿಕೊಳ್ಳಲಿ ಅಂತ ಪ್ರಾಣಿಯನ್ನು ನಿಮ್ಮ ಕೈಗೆ ಕೊಟ್ಟರೆ ಅದು ಸೇವೆ ಅಲ್ಲ, ವ್ಯಾಪಾರ. ಇವತ್ತು ಪೂರ್ತಿ ಇದನ್ನೇ ಹೇಳ್ತೀನಿ.

ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರು ಈಗ ಹೇಗೆ ಹೊರಡುತ್ತಾರೆ ಹೇಳಿ. ಲಾಂಗ್ ವೀಕೆಂಡ್ ಜತೆಗೆ ಎರಡು ಮೂರು ರಜೆ ಹಾಕಿ, ದೇವನಹಳ್ಳಿಯಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯಲ್ಲಿ ಕೊಲಂಬೊ. ಅಲ್ಲಿಂದ ಕರಾವಳಿಯ ರೈಲು. ಬೀಚ್ ಪಕ್ಕದ ಹಾಸ್ಟೆಲ್‌ನಲ್ಲಿ ಡಾರ್ಮ್ ಬೆಡ್, ಲಾಕರ್, ಸೀಲಿಂಗ್ ಫ್ಯಾನ್. ತುಂಬಾ ಒಳ್ಳೇದು, ಹೋಗಿ, ನಾನೂ ಹಾಗೇ ಹೋಗೋದು. ಅಲ್ಲಿ ರಿಸೆಪ್ಷನ್ ಗೋಡೆ ಮೇಲೆ ಲಾಂಡ್ರಿ ರೇಟ್ ಪಕ್ಕದಲ್ಲೇ ಒಂದು ಪೋಸ್ಟರ್ ಇರುತ್ತದೆ. ಆಮೆ ಮರಿ ಎತ್ತಿಕೊಂಡು ನಗ್ತಿರೋ ವಿದೇಶಿ ಹುಡುಗಿ. "ಒಂದು ದಿನದ ವಾಲಂಟಿಯರ್." ಹೆಸರು ಕೊಟ್ಟರೆ ಗಾಡಿ ಬಾಗಿಲಿಗೇ ಬರುತ್ತದೆ. ಪೋಸ್ಟರ್ ಹಾಕಿಸಿಕೊಂಡವರಿಗೆ ಎಷ್ಟೋ ಕಡೆ ಕಮಿಷನ್ ಇರುತ್ತದೆ, ಗೊತ್ತಿರಲಿ.

ನಾನು ಅಂಥ ಒಂದು ಜಾಗ ನೋಡಿದ್ದೀನಿ. ಹೆಸರು ಬೇಡ. ಮುಖ್ಯರಸ್ತೆ ಬದಿಯಲ್ಲೇ, ತಗಡಿನ ಶೀಟ್ ಕೆಳಗೆ ಸಿಮೆಂಟ್ ತೊಟ್ಟಿಗಳು. ಒಂದು ತೊಟ್ಟಿ ತುಂಬಾ ಮರಿಗಳು, ಒಂದೊಂದೂ ಅಂಗೈಗಿಂತ ಚಿಕ್ಕದು. ಎಲ್ಲವೂ ಒಂದೇ ಮೂಲೆಗೆ ಹೋಗಿ ಗೋಡೆಗೆ ಮೂತಿ ಒತ್ತಿಕೊಂಡು ಮುಂಗಾಲು ಬಡಿಯುತ್ತಿದ್ದವು. ನಿಲ್ಲಿಸುತ್ತಲೇ ಇರಲಿಲ್ಲ. ಅಲ್ಲಿದ್ದವನು ಒಂದರ ಚಿಪ್ಪು ಹಿಡಿದೆತ್ತಿ ಒಂದು ಮಗುವಿನ ಕೈಗಿಟ್ಟ. ಆ ಮಗುವಿನ ಕೈಗೆ ಆಗಷ್ಟೇ ಸನ್‌ಸ್ಕ್ರೀನ್ ಹಚ್ಚಿದ್ದರು, ಬೆಳ್ಳಗೆ ಕಾಣುತ್ತಿತ್ತು. ಗಾಳಿಯಲ್ಲೂ ಆ ಮರಿ ಕಾಲು ಬಡಿಯುತ್ತಲೇ ಇತ್ತು. ಅಪ್ಪ ಅಮ್ಮ "ನೋಡು, ಹಾಯ್ ಹೇಳ್ತಿದೆ" ಅಂದರು.

ಹಾಯ್ ಹೇಳ್ತಿಲ್ಲ ಸ್ವಾಮಿ, ಈಜುತ್ತಿದೆ! ಕಡಲಾಮೆ ಮರಿ ಮೊಟ್ಟೆಯಿಂದ ಹೊರಬಂದಾಗ ಅದರ ಹೊಟ್ಟೆಯಲ್ಲಿ ಹಳದಿ ಭಂಡಾರದ ಒಂದಿಷ್ಟು ಬುತ್ತಿ ಉಳಿದಿರುತ್ತದೆ. ಆ ಬುತ್ತಿ ಇರುವಾಗಲೇ ಅದು ದಡದ ಅಪಾಯ ದಾಟಿ ಆಳದ ಸಮುದ್ರ ಸೇರಬೇಕು. ಅದಕ್ಕೇ ಮೊದಲ ಒಂದು ದಿನ ಹೆಚ್ಚುಕಡಿಮೆ ನಿಲ್ಲದೆ ಈಜುತ್ತದೆ. ದಡದ ಹತ್ತಿರ ಏಡಿ, ಹಕ್ಕಿ, ಮೀನು ಎಲ್ಲ ಕಾಯುತ್ತಿರುತ್ತವೆ. ಸಾವಿರಕ್ಕೆ ಒಂದು ಉಳಿದು ದೊಡ್ಡದಾಗಬಹುದು ಅಂತ ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಹಾಗಿರುವಾಗ ಆ ಮರಿಯನ್ನು ಮೂರು ನಾಲ್ಕು ದಿನ ತೊಟ್ಟಿಯಲ್ಲಿಟ್ಟು, ಬಂದವರಿಗೆಲ್ಲ ತೋರಿಸಿ, ಅದರ ಬಲವೆಲ್ಲ ಗೋಡೆಗೆ ಬಡಿದು ಮುಗಿಸಿದ ಮೇಲೆ, ಸಂಜೆ ಟೂರಿಸ್ಟ್ ಕೈಯಿಂದ "ರಿಲೀಸ್" ಮಾಡಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ತಕ್ಷಣ ಒಂದು ವಾದ ಬರುತ್ತದೆ. "ಆ ಟಿಕೆಟ್ ದುಡ್ಡಿನಿಂದಲೇ ಅವರು ಮೊಟ್ಟೆ ಕೊಳ್ಳೋದು, ಇಲ್ಲದಿದ್ದರೆ ಊರವರು ತಿಂದುಬಿಡ್ತಾರೆ." ಸರಿ, ಕೊಳ್ಳಲಿ. ಮೊಟ್ಟೆ ಹೂಳಲಿ. ಮರಿ ಹೊರಬಂದ ರಾತ್ರಿಯೇ ಸಮುದ್ರಕ್ಕೆ ಬಿಡಲಿ. ಯಾರು ಬೇಡ ಅಂದರು? ತೊಟ್ಟಿ ಯಾಕೆ ಬೇಕು? ಅದೇ ಶ್ರೀಲಂಕಾದಲ್ಲಿ, ದಕ್ಷಿಣದ ರೆಕಾವಾ ಕಡಲತೀರದಲ್ಲಿ 1990ರ ದಶಕದಲ್ಲಿ ಏನು ಮಾಡಿದರು ಗೊತ್ತಾ? ಮೊದಲು ಮೊಟ್ಟೆ ತೆಗೆಯುತ್ತಿದ್ದ ಊರಿನವರಿಗೇ ಸಂಬಳ ಕೊಟ್ಟು, ಗೂಡು ಇದ್ದ ಜಾಗದಲ್ಲೇ ಕಾವಲಿಗೆ ನಿಲ್ಲಿಸಿದರು. ತೊಟ್ಟಿ ಇಲ್ಲದೆ ಕಾಪಾಡೋಕೆ ಆಗುತ್ತೆ ಅಂತ ಆಯ್ತಲ್ಲ. ಆ ವಾದ ಅಲ್ಲಿಗೆ ಮುಗೀತು.

ಇನ್ನೊಂದು ಕಥೆ ಫಿಲಿಪ್ಪೀನ್ಸ್‌ದು. ಸೆಬು ದ್ವೀಪದ ಓಸ್ಲೊಬ್. 2011ರ ಸುಮಾರಿಗೆ ಶುರುವಾಯಿತು. ಬೆಳಿಗ್ಗೆ ಬೆಳಿಗ್ಗೆ ದೋಣಿಯಿಂದ ಸಣ್ಣ ಸಿಗಡಿ ಸುರಿಯುತ್ತಾರೆ, ವೇಲ್ ಶಾರ್ಕ್ ಅನ್ನೋ ದೈತ್ಯ ಮೀನುಗಳು ಬರುತ್ತವೆ, ಜನ ನೀರಿಗಿಳಿದು ಸೆಲ್ಫಿ ತೆಗೆಯುತ್ತಾರೆ. ಊರೂರು ಅಲೆದು ತಿನ್ನೋ ಮೀನು ಅದು, ಒಂದೇ ಕಡೆ ಕೈತುತ್ತಿಗೆ ನಿಲ್ಲೋದನ್ನು ಕಲಿತಿದೆ. ದೋಣಿ ಕಂಡರೆ ಹತ್ತಿರ ಹೋಗುವುದನ್ನೂ ಕಲಿತಿದೆ. ದೋಣಿಗೆ ಪ್ರೊಪೆಲ್ಲರ್ ಇರುತ್ತದೆ. ಮುಂದಿನದು ನಾನು ಹೇಳಬೇಕಾ? ಹಾಸ್ಟೆಲ್‌ನಲ್ಲಿ ಇದನ್ನೂ "ಇಕೋ ಟೂರ್" ಅಂತ ಮಾರುತ್ತಾರೆ.

ಈಗ ಗುಜರಾತ್ ನೋಡಿ. ಅದೇ ಮೀನು ಸೌರಾಷ್ಟ್ರದ ಕಡಲಿಗೂ ಬರುತ್ತದೆ. ಒಂದು ಕಾಲದಲ್ಲಿ ಬೇಟೆಯಾಡುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. 2004ರಿಂದ ಅಲ್ಲಿ ದೊಡ್ಡ ಪ್ರಚಾರ ನಡೆಯಿತು, ತವರಿಗೆ ಬಾಣಂತನಕ್ಕೆ ಬರುವ ಮಗಳು ಅಂತ ಅದಕ್ಕೆ ವ್ಹಾಲಿ, ಅಂದರೆ ಪ್ರೀತಿಯವಳು, ಎಂದು ಹೆಸರಿಟ್ಟರು. ಆಮೇಲೆ ಮೀನುಗಾರರು ಬಲೆಗೆ ಬಿದ್ದ ವೇಲ್ ಶಾರ್ಕ್ ಬಿಡಿಸಲು ತಮ್ಮ ಬಲೆಯನ್ನೇ ಕುಯ್ದರು. ಹೀಗೆ ನೂರಾರು ಬಚಾವಾಗಿವೆ. ಬಲೆ ಅಂದರೆ ಅವರ ಹೊಟ್ಟೆಪಾಡು. ಸೇವೆ ಅಂದರೆ ಅದು. ಫೋಟೋಗೆ ಕೈಗೆ ಕೊಟ್ಟಿದ್ದು ಸೇವೆ ಅಲ್ಲ.

ಅಂದಹಾಗೆ, ಚಾನೆಲ್‌ಗೆ ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ಕನ್ನಡದಲ್ಲಿ ಪ್ರವಾಸದ ಬಗ್ಗೆ ಬರೀ ಬಿರಿಯಾನಿ, ಬೀಚ್ ತೋರಿಸದೆ ಇಂಥದ್ದನ್ನೂ ಮಾತಾಡೋರು ಬೇಕು. ನೀವಿದ್ದರೆ ನಾನಿರ್ತೀನಿ.

ಸರಿ. ಈಗ ಬುದ್ಧಿವಂತರ ವಾದ. "ಹಾಗಾದ್ರೆ ದಕ್ಷಿಣ ಆಫ್ರಿಕಾದಲ್ಲಿ ಪೆಂಗ್ವಿನ್ ಹಿಡಿದು ತೊಳೀತಾರಲ್ಲ, ಅದೂ ವ್ಯಾಪಾರಾನಾ?" ಒಳ್ಳೇ ಪ್ರಶ್ನೆ, ಇದಕ್ಕೆ ಸ್ವಲ್ಪ ಸಮಯ ಕೊಡ್ತೀನಿ. 2000ದ ಜೂನ್‌ನಲ್ಲಿ ಕೇಪ್ ಟೌನ್ ಹತ್ತಿರ ಟ್ರೆಷರ್ ಅನ್ನೋ ಹಡಗು ಮುಳುಗಿತು. ರಾಬೆನ್ ದ್ವೀಪ, ಡಾಸೆನ್ ದ್ವೀಪ, ಎರಡೂ ಕಡೆ ಪೆಂಗ್ವಿನ್ ಮರಿ ಮಾಡೋ ಜಾಗ. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಹಡಗಿನಿಂದ ಸೋರಿದ ಎಣ್ಣೆ ಮೆತ್ತಿಕೊಂಡಿತು. ಪೆಂಗ್ವಿನ್ ಗರಿ ನೀರು ಒಳಗೆ ಬಿಡಲ್ಲ. ಎಣ್ಣೆ ತಾಗಿದರೆ ಆ ಗುಣ ಹೋಗುತ್ತದೆ, ತಣ್ಣೀರು ಚರ್ಮಕ್ಕೆ ಇಳಿಯುತ್ತದೆ, ಚಳಿಗೆ ಸಾಯುತ್ತವೆ. ತೊಳೆಯದೆ ಬೇರೆ ದಾರಿಯೇ ಇರಲಿಲ್ಲ. ಸ್ಯಾನ್‌ಕಾಬ್ ಅನ್ನೋ ಸಂಸ್ಥೆ, 1968ರಿಂದ ಈ ಕೆಲಸ ಮಾಡ್ತಿರೋರು, ಮುಂದೆ ನಿಂತರು. ಸಾವಿರಾರು ಜನ ಬಂದರು. ಒಬ್ಬರು ಹಿಡಿಯೋದು, ಇನ್ನೊಬ್ಬರು ಸೋಪಿನ ನೀರಲ್ಲಿ ತಿಕ್ಕೋದು, ಕಣ್ಣಿನ ಸುತ್ತ ಹಲ್ಲುಜ್ಜೋ ಬ್ರಷ್. ಎಣ್ಣೆ ಇನ್ನೂ ತಾಗದ ಸುಮಾರು 19,500 ಹಕ್ಕಿಗಳನ್ನು ಲಾರಿಯಲ್ಲಿ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ ಅಲ್ಲಿ ಸಮುದ್ರಕ್ಕೆ ಬಿಟ್ಟರು. ಅವು ನೂರಾರು ಕಿಲೋಮೀಟರ್ ಈಜಿಕೊಂಡು ವಾಪಸ್ ಬರುವಷ್ಟರಲ್ಲಿ ಇಲ್ಲಿ ನೀರು ಶುದ್ಧ ಮಾಡೋಣ ಅಂತ. ಎಂಥಾ ಯೋಚನೆ ನೋಡಿ! ಪೀಟರ್, ಪಮೇಲಾ, ಪರ್ಸಿ ಅಂತ ಮೂರು ಹಕ್ಕಿಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದ್ದರು. ಮೂರೂ ಬಂದು ಸೇರಿದವು.

ಅಲ್ಲಿ ಮುಟ್ಟಿದರು, ಹೌದು. ಯಾಕೆ ಮುಟ್ಟಿದರು? ಹಕ್ಕಿಗೆ ಬೇಕಿತ್ತು, ಅದಕ್ಕೆ. ಗ್ಲೌಸ್ ಹಾಕಿಕೊಂಡು, ಹೇಳಿಕೊಟ್ಟ ಹಾಗೆ. ಮತ್ತೆ ಪೆಂಗ್ವಿನ್ ಮುದ್ದು ಮುಖ ನೋಡಿ ಮೋಸ ಹೋಗಬೇಡಿ, ಕೊಕ್ಕು ಕತ್ತರಿ ಇದ್ದಂಗೆ ಇರುತ್ತೆ. ಈಗಲೂ ಹೊರದೇಶದ ವಾಲಂಟಿಯರ್ ಆಗಿ ಅಲ್ಲಿಗೆ ಹೋಗಬೇಕು ಅಂದರೆ ವಾರಗಟ್ಟಲೆ ಇರಬೇಕು. ದಿನಪೂರ್ತಿ ಚಾಪೆ ತೊಳೆಯೋದು, ಟವೆಲ್ ಒಗೆಯೋದು, ಮೀನು ಜೋಡಿಸೋದು, ಹಿಕ್ಕೆ ಬಳಿಯೋದು. 2024ರಲ್ಲಿ ಆಫ್ರಿಕನ್ ಪೆಂಗ್ವಿನ್ ಅನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. ಅಂಥ ಹಕ್ಕಿಯ ಹಿಕ್ಕೆ ಬಳಿದವರು ದೊಡ್ಡವರಾ, ಆಮೆ ಹಿಡಿದು ರೀಲ್ ಹಾಕಿದವರು ದೊಡ್ಡವರಾ?

ಆಮೆ ಕೆಲಸವೂ ಹಾಗೇ. ಕೋಸ್ಟರಿಕಾದ ಟೋರ್ಟುಗೆರೊದಲ್ಲಿ 1950ರ ದಶಕದಿಂದ ಹಸಿರು ಕಡಲಾಮೆಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. ರಾತ್ರಿ ಕಪ್ಪು ಬಟ್ಟೆ, ಕೆಂಪು ಟಾರ್ಚ್, ಮಾತಿಲ್ಲ. ಯಾಕೆ ಕೆಂಪು? ಬಿಳಿ ಬೆಳಕು ಕಂಡರೆ ಮೊಟ್ಟೆ ಇಡಲು ಬಂದ ತಾಯಿ ಹಿಂದಿರುಗಿಬಿಡಬಹುದು. ಮರಿಗಳಂತೂ ಬೆಳಕಿರೋ ಕಡೆಯೇ ಸಮುದ್ರ ಅಂತ ತಿಳಿದು ರಸ್ತೆಗೆ ಹತ್ತುತ್ತವೆ. ಮೊಟ್ಟೆ ಬೇರೆ ಜಾಗಕ್ಕೆ ಒಯ್ಯಬೇಕಾದರೆ ಕೆಲವೇ ಗಂಟೆಯೊಳಗೆ ಒಯ್ಯಬೇಕು. ತಡವಾದರೆ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಆಗ ಮೊಟ್ಟೆ ಉರುಳಿದರೆ ಒಳಗಿನದು ಸತ್ತೇಹೋಗುತ್ತದೆ. ಮರಳಿನ ಬಿಸಿ ಜಾಸ್ತಿಯಾದರೆ ಹುಟ್ಟೋದೆಲ್ಲ ಹೆಣ್ಣೇ. ಹಾಗಾಗಿ ಥರ್ಮಾಮೀಟರ್ ನೋಡಿ ನೋಡಿ ಬರೆದುಕೊಳ್ಳಬೇಕು. ಇಷ್ಟೆಲ್ಲ ನಾಜೂಕು ಇರೋ ಕಡೆ ನಿಮಗೆ ಒಂದು ಮರಿ ಎತ್ತಿ ಕೊಟ್ಟು "ಚೀಸ್ ಹೇಳಿ" ಅಂತಾರೆ ಅಂದ್ರೆ, ಅವರಿಗೆ ಬೇಕಿರೋದು ನಿಮ್ಮ ದುಡ್ಡು ಅಷ್ಟೇ.

ಹಾಸ್ಟೆಲ್‌ನಲ್ಲಿದ್ದು ರಾತ್ರಿ ಗಸ್ತಿಗೆ ಹೋಗೋರಿಗೆ ಒಂದು ಮಾತು. ಕೆಳಗಿನ ಬಂಕ್ ಕೇಳಿ ತಗೊಳ್ಳಿ, ನಡುರಾತ್ರಿ ಬಂದು ಮೇಲೆ ಹತ್ತಿದರೆ ಡಾರ್ಮ್ ಎಲ್ಲ ಎದ್ದು ಕೂರುತ್ತದೆ. ಕಾಲಿನ ಮರಳು ಹೊರಗೇ ತೊಳೆದುಕೊಳ್ಳಿ. ಮತ್ತೆ ವೀಸಾ ನಿಯಮ ಮೊದಲೇ ನೋಡಿಕೊಳ್ಳಿ, ಎಷ್ಟೋ ದೇಶಗಳಲ್ಲಿ ಸಂಬಳ ಇಲ್ಲದ ಕೆಲಸವನ್ನೂ ಟೂರಿಸ್ಟ್ ವೀಸಾದಲ್ಲಿ ಮಾಡೋ ಹಾಗಿಲ್ಲ. ಇದರ ಬಗ್ಗೆ ಬೇರೆ ವಿಡಿಯೋ ಇದೆ, ಲಿಂಕ್ ಕೆಳಗೆ ಹಾಕಿದ್ದೀನಿ.

ಅದೇ ಕೋಸ್ಟರಿಕಾದ ಇನ್ನೊಂದು ಕಡಲತೀರ, ಮೊಯಿನ್. ಅಲ್ಲಿ ಹೈರೊ ಮೋರಾ ಅಂತ ಒಬ್ಬ ಹುಡುಗ, 26 ವರ್ಷ. ಕಳ್ಳರಿಂದ ಲೆದರ್‌ಬ್ಯಾಕ್ ಆಮೆ ಗೂಡು ಕಾಯುತ್ತಿದ್ದ. 2013ರ ಮೇ 30ರ ರಾತ್ರಿ ಗಸ್ತಿಗೆ ಹೋದವನನ್ನು ಹಿಡಿದು ಕೊಂದುಹಾಕಿದರು. ಜತೆಗೆ ವಿದೇಶಿ ವಾಲಂಟಿಯರ್‌ಗಳೂ ಇದ್ದರು, ಅವರು ಹೇಗೋ ಬದುಕಿ ಬಂದರು. ಆ ಹುಡುಗ ಪ್ರಾಣ ಕೊಟ್ಟ ಕೆಲಸದ ಹೆಸರನ್ನೇ ಇಟ್ಟುಕೊಂಡು ಒಂದು ತೊಟ್ಟಿ, ಒಂದು ಟಿಕೆಟ್ ಕೌಂಟರ್ ಮಾಡಿ ಕೂತಿದ್ದಾರಲ್ಲ, ನನಗೆ ಸಹಿಸೋಕೆ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ.

"ಬ್ರೋ, ಮಕ್ಕಳಿಗೆ ಪ್ರಾಣಿ ಮೇಲೆ ಪ್ರೀತಿ ಹುಟ್ಟುತ್ತೆ, ಒಂದ್ಸಲ ಮುಟ್ಟಿದ್ರೆ ಏನಾಗುತ್ತೆ?" ಒಂದು ಮರಿಯನ್ನು ಒಂದ್ಸಲ ನೀವು ಮುಟ್ಟುತ್ತೀರಿ. ನಿಮ್ಮ ಹಿಂದೆ ಬಸ್ ತುಂಬಾ ಜನ ಇದ್ದಾರೆ. ಅವರೂ ಒಂದೊಂದ್ಸಲ. ನಾಳೆ ಇನ್ನೊಂದು ಬಸ್.

"ಅಲ್ಲಿನ ಜನರ ಹೊಟ್ಟೆಪಾಡು?" ಸಂಬಳ ಕೊಟ್ಟು ಕಾವಲಿಗೆ ಇಟ್ಟರು ಅಂತ ಈಗ ತಾನೇ ಹೇಳಿದೆ. ವಿಡಿಯೋ ಹಿಂದಕ್ಕೆ ಹಾಕಿ ನೋಡಿ.

"ನೀನು ಯಾರು ಹೇಳೋಕೆ?" ಮರಳು ಹೊತ್ತವನು. ಸಾಕಾ?

ನಮ್ಮ ಪಕ್ಕದಲ್ಲೇ ಇದೆಯಲ್ಲ ಇದೆಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಕಾರವಾರ ಕಡೆಯೂ ಇಡುತ್ತವೆ. ಚೆನ್ನೈನಲ್ಲಿ ವಿದ್ಯಾರ್ಥಿಗಳ ಕಡಲಾಮೆ ಗುಂಪು 1988ರಿಂದ ರಾತ್ರಿ ಕಡಲತೀರ ನಡೆದು ಗೂಡು ಹುಡುಕುತ್ತಿದೆ. ಆ ಗುಂಪಿನಲ್ಲಿ ಶುರುವಿನಿಂದ ಇದ್ದ ಕಾರ್ತಿಕ್ ಶಂಕರ್ ಈಗ ನಮ್ಮ ಐಐಎಸ್‌ಸಿಯಲ್ಲಿ ಪ್ರೊಫೆಸರ್. ಇಲ್ಲೇ ಬೆಂಗಳೂರಿನ ದಕ್ಷಿಣ್ ಫೌಂಡೇಶನ್‌ನವರು ಒಡಿಶಾದ ಋಷಿಕುಲ್ಯದಲ್ಲಿ, ಲಿಟ್ಲ್ ಅಂಡಮಾನ್‌ನಲ್ಲಿ ಆಮೆಗಳ ಲೆಕ್ಕ ಇಡುತ್ತಾರೆ. ವಿದೇಶಕ್ಕೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಹೋಗೋ ಮುಂಚೆ ಅಲ್ಲಿಗೊಂದು ಮೆಸೇಜ್ ಹಾಕಿ, "ನಾನು ಮರಿ ಮುಟ್ಟಬಹುದಾ?" ಅಂತ ಕೇಳಿ. "ಓ, ಖಂಡಿತ" ಅಂದರೆ ಬುಕ್ ಮಾಡಬೇಡಿ. "ಇಲ್ಲ, ನೀವು ಬೇಲಿ ಕಟ್ಟಬೇಕು" ಅಂದರೆ ಕಣ್ಣು ಮುಚ್ಚಿಕೊಂಡು ದುಡ್ಡು ಕಳಿಸಿ.

ಆ ಕಾಮೆಂಟನ್ನು ನಾನು ಡಿಲೀಟ್ ಮಾಡಿಲ್ಲ, ಮಾಡೋದೂ ಇಲ್ಲ. ಯಾರೂ ಅವರನ್ನು ಬೈಯಬೇಡಿ, ಗೊತ್ತಿಲ್ಲದೆ ಕೇಳಿದ್ದಾರೆ. ಜನವರಿಯಿಂದ ಚೆನ್ನೈನಲ್ಲಿ ವೀಕೆಂಡ್ ರಾತ್ರಿಗಳಲ್ಲಿ ಸಾರ್ವಜನಿಕರೂ ಆ ವಿದ್ಯಾರ್ಥಿಗಳ ಗುಂಪಿನ ಜತೆ ನಡೆಯಬಹುದು. ನಾನು ಹೋಗ್ತಿದ್ದೀನಿ. ಮೆಜೆಸ್ಟಿಕ್‌ನಿಂದ ಶುಕ್ರವಾರ ರಾತ್ರಿ ರೈಲು. ಬರೋರು ಕೆಳಗೆ "ಮರಳು" ಅಂತ ಕಾಮೆಂಟ್ ಹಾಕಿ, ಟಿಕೆಟ್ ನೀವೇ ಮಾಡಿಸಿಕೊಳ್ಳಿ, ಚಪ್ಪಲಿ ಗಟ್ಟಿ ಇರೋದು ಹಾಕ್ಕೊಂಡು ಬನ್ನಿ. ಫ್ಲ್ಯಾಶ್ ಹಾಕೋರು ಮಾತ್ರ ದಯವಿಟ್ಟು ಬರಬೇಡಿ.